ಕಾಳು ಮುಗಿಯುವವರೆಗೆ ಹಾಡು

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ಕಪಾಟು ಇದೆ. ಅಪ್ಪ ನನಗಾಗಿಯೇ ಮಾಡಿಸಿದ್ದು. ಅದರಲ್ಲಿ ಹನ್ನೊಂದು ಫಲಕ, ನಾಲ್ಕು ಸ್ಟೀಲ್ ಡಬ್ಬಿ, ಎರಡು ಗೋಡೆ ಗಡಿಯಾರ, ಇನ್ನೂ ಪ್ಲಾಸ್ಟಿಕ್ ಕವರ್ ತೆಗೆಯದ ಒಂದು ಊಟದ ತಟ್ಟೆ ಇವೆ. ಕೆಳಗಡೆ ಪ್ರಮಾಣಪತ್ರಗಳ ಫೈಲು. ಎಲ್ಲವೂ ಜನಪದ ಗೀತೆಗೆ ಬಂದ ಬಹುಮಾನಗಳು. ಮನೆಗೆ ಯಾರೇ ಬಂದರೂ ಅಪ್ಪ ಮೊದಲು ಆ ಕಪಾಟಿನ ಮುಂದೆ ನಿಲ್ಲಿಸುತ್ತಿದ್ದರು, ಚಹಾ ಆಮೇಲೆ.

ಐದನೇ ತರಗತಿಯಿಂದ ಪದವಿಯ ಎರಡನೇ ವರ್ಷದವರೆಗೆ, ಅಂದರೆ ಸರಿಯಾಗಿ ಹತ್ತು ವರ್ಷ ನಾನು ಈ ಕಪಾಟು ತುಂಬಿಸಿದೆ. ಈ ಹತ್ತು ವರ್ಷಗಳಲ್ಲಿ ನಾನು ಕಲಿತ ಹಾಡುಗಳೆಷ್ಟು ಗೊತ್ತೇ? ಮೂರು!

ನಗಬೇಡಿ. ಸ್ಪರ್ಧೆಗೆ ಹೋದವರಿಗೆ ಇದು ಅರ್ಥವಾಗುತ್ತದೆ. ಗೆದ್ದ ಹಾಡನ್ನು ಯಾರೂ ಬದಲಿಸುವುದಿಲ್ಲ. ಪ್ರತಿಭಾ ಕಾರಂಜಿಗೆ ಮೊದಲ ಸಲ ಹೆಸರು ಕೊಟ್ಟಾಗ ನಮ್ಮ ಟೀಚರ್ ಮೊಬೈಲಿನಲ್ಲಿದ್ದ ಒಂದು ಬೀಸುಕಲ್ಲಿನ ಪದವನ್ನು ಕೇಳಿಸಿ, ‘ಇದನ್ನೇ ಹಾಡು’ ಎಂದಿದ್ದರು. ಪಂಚಮಿ ಹಬ್ಬಕ್ಕೆ ಅಣ್ಣ ಕರೆಯಲು ಬರುತ್ತಾನೆ ಎಂದು ಜೋಳ ಬೀಸುತ್ತ ದಾರಿ ಕಾಯುವ ಹೆಣ್ಣುಮಗಳ ಹಾಡು. ಉದ್ದವಿತ್ತು. ಟೀಚರ್ ನಾಲ್ಕು ನಿಮಿಷಕ್ಕೆ ಕತ್ತರಿಸಿದರು. ಐದು ನಿಮಿಷಕ್ಕೆ ಗಂಟೆ ಹೊಡೆಯುತ್ತಾರೆ, ಅಷ್ಟರೊಳಗೆ ಮುಗಿಯಬೇಕು. ಕ್ಲಸ್ಟರ್ ಮಟ್ಟದಲ್ಲಿ ಗೆದ್ದೆ, ತಾಲ್ಲೂಕಿಗೆ ಹೋದೆ, ಜಿಲ್ಲೆಗೆ ಹೋದೆ. ಇಳಕಲ್ ಸೀರೆ, ಮೂಗಿಗೆ ನತ್ತು, ಕೈತುಂಬ ಹಸಿರು ಬಳೆ. ಹಾಡುತ್ತ ಬಲಗೈಯನ್ನು ಗಾಳಿಯಲ್ಲಿ ಗರಗರ ತಿರುಗಿಸಿ ಬೀಸುವ ಅಭಿನಯ ಬೇರೆ. ಆ ಕೈ ತಿರುಗಿಸುವುದಕ್ಕೇ ಚಪ್ಪಾಳೆ ಬೀಳುತ್ತಿತ್ತು.

ಹಾಡುವಾಗ ನನ್ನ ಕಣ್ಣು ಇರುತ್ತಿದ್ದದ್ದು ತೀರ್ಪುಗಾರರ ಪೆನ್ನಿನ ಮೇಲೆ. ಬರೆಯುತ್ತಿದ್ದಾರಾ, ಪೆನ್ನು ಕೆಳಗಿಟ್ಟರಾ? ಬೇರೆಯವರು ಹಾಡುವಾಗಲೂ ಅಷ್ಟೇ. ಅವರು ಎಲ್ಲಿ ಶ್ರುತಿ ತಪ್ಪುತ್ತಾರೆ ಎಂದು ಕಾಯುತ್ತಿದ್ದೆನೇ ಹೊರತು ಅವರ ಹಾಡು ಕೇಳಿದ ನೆನಪಿಲ್ಲ. ಪದವಿಯ ಕೊನೆಯ ವರ್ಷ ಅಂತರ ಕಾಲೇಜು ಸ್ಪರ್ಧೆಯಲ್ಲಿ ಮೊದಲ ಮೂರರಲ್ಲಿ ನನ್ನ ಹೆಸರು ಬರಲಿಲ್ಲ. ಗೆದ್ದ ಹುಡುಗಿ ತುಂಬ ಚೆನ್ನಾಗಿ ಹಾಡಿದಳು ಎಂದು ಬಸ್ಸಿನಲ್ಲಿ ಎಲ್ಲರೂ ಮಾತಾಡಿಕೊಂಡರು. ಅವಳು ಯಾವ ಹಾಡು ಹಾಡಿದಳು ಎಂಬುದೇ ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ಹಾಡುವುದನ್ನೇ ಬಿಟ್ಟೆ. ಬಚ್ಚಲುಮನೆಯಲ್ಲೂ ಗುನುಗಲಿಲ್ಲ. ಹತ್ತು ವರ್ಷದ ಹಾಡು ಒಂದು ಸೋಲಿಗೆ ನಿಂತುಹೋಯಿತು ಎಂದರೆ ಅದು ಎಷ್ಟರಮಟ್ಟಿಗೆ ನನ್ನದಾಗಿತ್ತು ಎಂದು ಆಗ ಯೋಚಿಸಲಿಲ್ಲ.

ಇನ್ನೊಂದು ಸ್ಪರ್ಧೆ

ಪದವಿ ಮುಗಿದ ಮೇಲೆ ಎಲ್ಲರಂತೆ ನಾನೂ ಧಾರವಾಡದ ಗಾಡಿ ಹತ್ತಿದೆ. ಸಪ್ತಾಪುರದಲ್ಲಿ ಮೂವರು ಸೇರಿ ಒಂದು ಕೋಣೆ, ತಿಂಗಳ ಲೆಕ್ಕದ ಮೆಸ್ಸು, ಬೆಳಿಗ್ಗೆ ಆರಕ್ಕೆ ಹೋಗಿ ಕುರ್ಚಿ ಹಿಡಿಯಬೇಕಾದ ಓದುವ ಕೊಠಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಈ ದಿನಚರಿಯನ್ನು ವಿವರಿಸಬೇಕಾಗಿಲ್ಲ. ಪ್ರಥಮ ದರ್ಜೆ ಸಹಾಯಕರ ಪರೀಕ್ಷೆ ಬರೆದೆ. ಪಟ್ಟಿ ಬಂದಾಗ ಎರಡೂವರೆ ಅಂಕದಲ್ಲಿ ತಪ್ಪಿತ್ತು.

ಎರಡೂವರೆ ಅಂಕ! ಆ ರಾತ್ರಿ ಯಾವ ಎರಡು ಪ್ರಶ್ನೆ ಎಂದು ಕೀ ಉತ್ತರ ಹಿಡಿದುಕೊಂಡು ಹುಡುಕುತ್ತ ಕೂತಿದ್ದೆ. ಅಷ್ಟರಲ್ಲಿ ಅವ್ವನ ಫೋನು. ಆಯಿ ಅಂಗಳದಲ್ಲಿ ಜಾರಿ ಬಿದ್ದಿದ್ದಾಳೆ, ಸೊಂಟದ ಮೂಳೆ ಮುರಿದಿದೆ, ನೋಡಿಕೊಳ್ಳಲು ಒಬ್ಬರು ಬೇಕು. ಆಯಿ ಎಂದರೆ ನನ್ನ ಅಪ್ಪನ ತಾಯಿ. ನಿಜ ಹೇಳಬೇಕೆಂದರೆ ನನಗೆ ಆಯಿಯ ಚಿಂತೆಗಿಂತ ಊರಿಗೆ ಹೋಗಲು ಒಂದು ಮರ್ಯಾದೆಯ ಕಾರಣ ಸಿಕ್ಕಿತಲ್ಲ ಎಂಬ ಸಮಾಧಾನವೇ ಹೆಚ್ಚಾಗಿತ್ತು.

ಆಸ್ಪತ್ರೆಯಿಂದ ಬಂದ ಆಯಿ ಪಡಸಾಲೆಯಲ್ಲಿ, ಅದೇ ಕಪಾಟಿನ ಎದುರಿಗೆ ಮಂಚದ ಮೇಲೆ ಮಲಗಿದ್ದಳು. ಶ್ರಾವಣದ ಮಳೆ, ಕರೆಂಟಿಲ್ಲ. ನೋವಿಗೆ ನಿದ್ದೆ ಬರುತ್ತಿರಲಿಲ್ಲ. ಒಂದು ರಾತ್ರಿ, ‘ಅಷ್ಟ್ ಕಪ್ಪು ಗೆದ್ದೀಯಲ್ಲ, ನನಗೊಂದು ಪದಾ ಹಾಡಬೇ’ ಅಂದಳು. ನನಗೆ ಮನಸ್ಸಿರಲಿಲ್ಲ. ಆದರೂ ಅದೇ ಪಂಚಮಿಯ ಹಾಡು ಹಾಡಿದೆ. ನಾಲ್ಕು ನಿಮಿಷ. ಅಭ್ಯಾಸಬಲದಿಂದ ಕೈಯೂ ತಿರುಗಿತು. ಮುಗಿಸಿ ಸುಮ್ಮನಾದೆ.

‘ಮುಂದ?’ ಅಂದಳು ಆಯಿ.

‘ಇಷ್ಟ ಆಯಿ. ಮುಗೀತು.’

‘ಮುಗೀತಂದ್ರ? ಆಕಿ ತವರಿಗೆ ಹೋದ್ಲೋ ಇಲ್ಲೋ?’

ನನಗೆ ಉತ್ತರ ಗೊತ್ತಿರಲಿಲ್ಲ. ಹತ್ತು ವರ್ಷ, ಆರು ವೇದಿಕೆ, ಹನ್ನೊಂದು ಫಲಕ. ಆ ಹೆಣ್ಣುಮಗಳು ತವರಿಗೆ ಹೋದಳೋ ಇಲ್ಲವೋ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನನ್ನ ಹಾಡಿನಲ್ಲಿ ಅವಳು ಹತ್ತು ವರ್ಷದಿಂದ ಬೀಸುಕಲ್ಲಿನ ಮುಂದೆಯೇ ಕೂತಿದ್ದಳು.

ಆಯಿ ನಕ್ಕಳು. ‘ಮತ್ತ, ಇಷ್ಟ ಗಡಿಬಿಡಿಲೆ ಬೀಸಿದ್ರ ಹಿಟ್ಟ ಬೀಳೂದಿಲ್ಲ, ನುಚ್ಚ ಬೀಳತೈತಿ. ಕಾಳ ಹಾಕೂದಾದ್ರೂ ಯಾವಾಗ?’

ಆಮೇಲೆ ಮಲಗಿದಲ್ಲಿಂದಲೇ ಆಯಿ ಹಾಡತೊಡಗಿದಳು. ನನ್ನ ಧಾಟಿಗಿಂತ ಬಹಳ ನಿಧಾನ. ಅಣ್ಣ ಬರುತ್ತಾನೆ. ಅತ್ತೆ ಒಂದು ಚೀಲ ಜೋಳ ಮುಂದೆ ಸುರಿದು, ಇದನ್ನೆಲ್ಲ ಬೀಸಿಟ್ಟು ಹೋಗು ಎನ್ನುತ್ತಾಳೆ. ಅಣ್ಣ ಹೊರಗಿನ ಕಟ್ಟೆಯ ಮೇಲೆ ಕಾಯುತ್ತಾನೆ. ಎತ್ತುಗಳು ನೊಗ ಹೊತ್ತುಕೊಂಡೇ ನಿಂತಿವೆ. ಒಳಗೆ ಅವಳು ಬೀಸುತ್ತಲೇ ಇದ್ದಾಳೆ. ಅಂತೂ ಬಂಡಿ ಹೊರಡುತ್ತದೆ. ದಾರಿಯಲ್ಲಿ ಒಂದು ಹೊಳೆ. ಹೊಳೆ ತುಂಬಿದೆ. ಹೊಳೆ ಇಳಿಯುವ ಹೊತ್ತಿಗೆ ಪಂಚಮಿಯ ಜೋಕಾಲಿ ಬಿಚ್ಚುವ ದಿನ ಬಂದಿದೆ. ಹೀಗೆ ಸಾಗಿ ಸಾಗಿ, ನನಗೆ ತೂಕಡಿಕೆ ಬರುವ ಹೊತ್ತಿಗೆ ಅವಳು ತವರಿನ ಹೊಸ್ತಿಲು ತುಳಿದಳು.

‘ಎಷ್ಟ ಉದ್ದ ಐತಿ ಆಯಿ ಇದು!’ ಎಂದೆ.

‘ಉದ್ದ ಅಂಬೂದೇನಿಲ್ಲ. ಕಾಳ ಮುಗೀತಂದ್ರ ಪದಾ ಮುಗೀತು. ಕಾಳ ಉಳದಿದ್ರ ಆಕಿಗೆ ಇನ್ನೊಂದು ಹೊಳಿ ದಾಟಸ್ತಿದ್ವಿ’ ಎಂದಳು.

ಕಲ್ಲು ತಿರುಗಿದರೆ ನೆನಪು

ಮರುದಿನ ಪರೀಕ್ಷೆಯ ಟಿಪ್ಪಣಿ ಪುಸ್ತಕದ ಹಿಂದಿನ ಪುಟದಿಂದ ಹಾಡು ಬರೆಯಲು ಕೂತೆ. ಮುಂದಿನ ಪುಟಗಳಲ್ಲಿ ಪ್ರಚಲಿತ ವಿದ್ಯಮಾನ, ಹಿಂದಿನ ಪುಟಗಳಲ್ಲಿ ಆಯಿಯ ಪದ. ಆದರೆ ಹಗಲಿನಲ್ಲಿ, ‘ಹೇಳು’ ಎಂದರೆ ಆಯಿಗೆ ನೆನಪಾಗುತ್ತಿರಲಿಲ್ಲ. ನಾಲ್ಕು ಸೊಲ್ಲು ಹೇಳಿ ತಡವರಿಸುತ್ತಿದ್ದಳು. ‘ಕೈ ಖಾಲಿ ಇದ್ರ ಪದಾ ಬರೂದಿಲ್ಲಬೇ’ ಎಂದಳು.

ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಜಾಗದಲ್ಲಿ ನಮ್ಮ ಬೀಸುಕಲ್ಲು ಬಿದ್ದಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಅಪ್ಪ ಅದನ್ನು ಒಳಗೆ ತರಿಸಿ ತೊಳೆಸಿದರು. ಹೊಸ ಗೂಟ ಹಾಕಿಸಿದರು. ಸವೆದು ನುಣ್ಣಗಾಗಿದ್ದ ಕಲ್ಲನ್ನು ಉಳಿಯಿಂದ ಹೊಡೆಸಿ ಒರಟು ಮಾಡಿಸಿದರು. ಮಂಚದ ಪಕ್ಕದಲ್ಲಿ ಕಲ್ಲು, ಕಲ್ಲಿನ ಮುಂದೆ ನಾನು. ಒಂದು ಕೈಯಲ್ಲಿ ಗೂಟ, ಇನ್ನೊಂದು ಕೈಯಲ್ಲಿ ಹಿಡಿ ಕಾಳು. ಮೊದಲ ದಿನವೇ ಅಂಗೈಯಲ್ಲಿ ಬೊಬ್ಬೆ ಬಂತು. ವೇದಿಕೆಯ ಮೇಲೆ ಗಾಳಿಯಲ್ಲಿ ಅಷ್ಟು ಹಗುರಾಗಿ ತಿರುಗುತ್ತಿದ್ದ ಕಲ್ಲು ಇಲ್ಲಿ ಜಗ್ಗಿದರೂ ಕದಲುತ್ತಿರಲಿಲ್ಲ.

ಆದರೆ ಕಲ್ಲು ಒಂದು ಲಯಕ್ಕೆ ಬಂದೊಡನೆ ಆಯಿಯ ಬಾಯಲ್ಲಿ ಹಾಡು ತಾನಾಗಿ ಬರುತ್ತಿತ್ತು. ಆ ಗರಗರ ಸದ್ದೇ ಅವಳಿಗೆ ಮುಂದಿನ ಸಾಲನ್ನು ಎತ್ತಿ ಕೊಡುತ್ತಿತ್ತು. ತ್ರಿಪದಿ ಮೂರೇ ಸಾಲಿನದು ಎಂದು ನಾನು ಪಾಠದಲ್ಲಿ ಓದಿದ್ದೆ. ಹಾಡುವಾಗ ಎರಡನೆಯ ಸಾಲಿನ ಮುಂಭಾಗ ಮತ್ತೊಮ್ಮೆ ಯಾಕೆ ಬರುತ್ತದೆ ಎಂದು ಬೀಸುವಾಗ ನನಗೆ ಹೊಳೆದ ಉತ್ತರ ಬೇರೆ: ಅಷ್ಟರಲ್ಲಿ ಉಸಿರು ತೆಗೆದುಕೊಂಡು ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ಕಾಳು ಹಾಕಬಹುದು. ವಿದ್ವಾಂಸರು ಏನೆನ್ನುತ್ತಾರೋ, ನನ್ನ ಕೈಗೆ ಗೊತ್ತಾಗಿದ್ದು ಇದು.

ಎದುರುಮನೆಯ ಕಾಕಿ ಸದ್ದು ಕೇಳಿ ಬಂದರು. ‘ಒಬ್ಬಾಕಿ ಬೀಸಿದ್ರ ಹ್ಯಾಂಗ?’ ಎಂದು ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದರು. ಭಾರ ಅರ್ಧವಾಯಿತು. ಆಗ ಇನ್ನೊಂದು ವಿಷಯ ಗೊತ್ತಾಯಿತು. ಈ ಪದಗಳು ಒಬ್ಬರೇ ಹಾಡುವಂಥವಲ್ಲ. ಒಬ್ಬರು ಸೊಲ್ಲು ಎತ್ತಿದರೆ ಎದುರಿನವರು ಹಿಡಿಯಬೇಕು. ಒಬ್ಬರಿಗೆ ಮರೆತರೆ ಇನ್ನೊಬ್ಬರು ಕೊಡಬೇಕು. ನಾನು ಹತ್ತು ವರ್ಷ ಹಾಡಿದ್ದು ‘ವೈಯಕ್ತಿಕ ವಿಭಾಗ’ದಲ್ಲಿ!

ನಾಲ್ಕು ಆಯ್ಕೆಗಳ ಆಚೆ

‘ಗರತಿಯ ಹಾಡು’ ಸಂಕಲನದ ಬಗ್ಗೆ ಪರೀಕ್ಷೆಗೆ ಓದುವ ಎಲ್ಲರಿಗೂ ಗೊತ್ತಿರುತ್ತದೆ. ಪ್ರಕಟವಾದ ವರ್ಷ 1931. ಸಂಗ್ರಹಿಸಿದವರು ಹಲಸಂಗಿ ಗೆಳೆಯರು. ನಾಲ್ಕು ಆಯ್ಕೆ ಕೊಟ್ಟರೆ ಅರ್ಧ ಸೆಕೆಂಡಿನಲ್ಲಿ ಗುರುತು ಹಾಕುತ್ತಿದ್ದೆ. ಹಲಸಂಗಿ ಇರುವುದು ನಮ್ಮ ವಿಜಯಪುರ ಜಿಲ್ಲೆಯಲ್ಲೇ. ಆದರೆ ಆ ಪುಸ್ತಕವನ್ನು ನಾನು ಕಣ್ಣಿಂದ ನೋಡಿರಲಿಲ್ಲ. ಆಯಿಯ ಹಾಡು ಬರೆದುಕೊಳ್ಳಲು ಶುರು ಮಾಡಿದ ಮೇಲೆ ಗ್ರಂಥಾಲಯದಿಂದ ತಂದು ಓದಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರೆಲ್ಲ ಹಳ್ಳಿಯ ತರುಣರು. ಹೆಣ್ಣುಮಕ್ಕಳ ಬಾಯಲ್ಲಿದ್ದ ಪದಗಳನ್ನು ಕೂಡಿಹಾಕಿದರು. ಆ ಕಾಲದಲ್ಲಿ ಈ ಹಾಡುಗಳನ್ನು ಸಾಹಿತ್ಯ ಎಂದು ಎಣಿಸುವವರೇ ಕಡಿಮೆ. ಫಲಕದ ಆಸೆಗೆ ಮಾಡುವ ಕೆಲಸ ಅದಾಗಿರಲಿಲ್ಲ. ತಮ್ಮ ಮನೆಯ ತಾಯಂದಿರ ಹಾಡು ಕಳೆದುಹೋಗಬಾರದು ಎಂಬ ಕಾಳಜಿ ಇಲ್ಲದಿದ್ದರೆ ಅಷ್ಟು ಹಾಡು ಕೂಡಿಸಲು ಆಗುತ್ತಿರಲಿಲ್ಲ ಎಂದು ನನ್ನ ಇಪ್ಪತ್ತು ಹಾಡು ಬರೆಯುವಷ್ಟರಲ್ಲೇ ನನಗೆ ಅನಿಸಿತು.

ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹೆಸರೂ ನನ್ನ ಟಿಪ್ಪಣಿಯಲ್ಲಿತ್ತು: ಹಾಲಕ್ಕಿ ಸಮುದಾಯ, ಜಾನಪದ ಗಾಯಕಿ, ಪದ್ಮಶ್ರೀ, 2017. ಒಂದೇ ಸಾಲು. ಅವರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಶಾಲೆಗೆ ಹೋಗದ ಅವರು ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ತಮ್ಮ ಊರ ಕಡೆ ಸಾರಾಯಿ ವಿರುದ್ಧ ಹೋರಾಟಕ್ಕೂ ನಿಂತರು. ಪದ್ಮಶ್ರೀ ಬಂದಾಗ ಅವರಿಗೆ ಎಂಬತ್ತರ ಆಸುಪಾಸು. ಪ್ರಶಸ್ತಿ ಬಾರದಿದ್ದರೆ ಅವರ ಹಾಡು ಹಾಡಲ್ಲದೆ ಹೋಗುತ್ತಿತ್ತೇ? ನಾವು ಓದುವುದು ಬಹುಮಾನದ ವರ್ಷವನ್ನು ಮಾತ್ರ. ಅದರ ಹಿಂದಿನ ಆರೇಳು ದಶಕದ ಹಾಡಿಗೆ ಯಾವ ವರ್ಷದ ಗುರುತೂ ಇಲ್ಲ.

ಹೀಗೆ ಒಂದೊಂದೇ ನೋಡುತ್ತ ಹೋದರೆ ನಾನು ಪರೀಕ್ಷೆಗೆ ಓದಿದ್ದೂ ನನ್ನ ಹಾಡಿನಂತೆಯೇ ಇತ್ತು, ನಾಲ್ಕು ನಿಮಿಷಕ್ಕೆ ಕತ್ತರಿಸಿದ್ದು. ಒಂದು ದಿನ ಬೀಸುತ್ತ ಕೂತಾಗ ಕಾಕಿ, ಗುಳಿಗೆಗೆ ದುಡ್ಡು ಸಾಲುವುದಿಲ್ಲ ಎಂದರು. ‘ಸಂಧ್ಯಾ ಸುರಕ್ಷಾ ಬರತೈತಲ್ಲ ಕಾಕಿ?’ ಎಂದೆ. ‘ಅದೇನು?’ ಎಂದರು. ಆ ಯೋಜನೆಗೆ 65 ವರ್ಷ ತುಂಬಿರಬೇಕು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಾನು ಹೇಳುತ್ತಿದ್ದೆ. ಎದುರುಮನೆಯಲ್ಲಿ 67 ವರ್ಷದ ಕಾಕಿ ಇದ್ದಾರೆ, ಅವರಿಗೆ ಅದು ಬರುತ್ತಿದೆಯೇ ಎಂದು ಮಾತ್ರ ಎಂದೂ ಕೇಳಿರಲಿಲ್ಲ. ಕಾಗದಪತ್ರ ಹಿಡಿದುಕೊಂಡು ನಾಡಕಚೇರಿಗೆ ಹೋದೆವು. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ತಪ್ಪಾಗಿತ್ತು. ಅದನ್ನು ತಿದ್ದಿಸಿ, ಮತ್ತೆ ಹೋಗಿ, ಮೂರನೆಯ ಸಲಕ್ಕೆ ಅರ್ಜಿ ಒಳಗೆ ಹೋಯಿತು. ಬ್ಯಾಂಕಿಗೆ ಮೊದಲ ಕಂತು ಬಂದ ದಿನ ಕಾಕಿ ಶೇಂಗಾ ಹೋಳಿಗೆ ಮಾಡಿ ಕಳಿಸಿದರು. ಗಾಜಿನ ಕಪಾಟಿನಲ್ಲಿ ಇಡುವಂಥದ್ದಲ್ಲ, ಅವತ್ತೇ ತಿಂದು ಮುಗಿಸಿದೆವು. ಆದರೆ ಎರಡೂವರೆ ಅಂಕದಲ್ಲಿ ತಪ್ಪಿದ ಆ ಕೆಲಸ ನನಗೆ ಯಾಕೆ ಬೇಕು ಎಂಬ ಪ್ರಶ್ನೆಗೆ ಮೊದಲ ಬಾರಿ ಸಂಬಳ ಬಿಟ್ಟು ಬೇರೆ ಉತ್ತರ ಸಿಕ್ಕಿತು. ಆ ಮೇಜಿನ ಆಚೆ ಕೂತವರಿಗೆ, ಈಚೆ ನಿಂತ ಕಾಕಿಯ ಮುಖ ನೋಡಿ ಒಂದು ಮಾತು ಹೆಚ್ಚು ಹೇಳುವ ಅವಕಾಶ ಇರುತ್ತದೆ.

ಗೆಳೆಯರೇ, ಸ್ಪರ್ಧೆ ಬೇಡ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಸ್ಪರ್ಧೆ ಇಲ್ಲದಿದ್ದರೆ ನಾನು ಐದನೇ ತರಗತಿಯಲ್ಲಿ ಮೈಕಿನ ಮುಂದೆ ನಿಲ್ಲುತ್ತಿರಲಿಲ್ಲ, ಜಿಲ್ಲಾ ಕೇಂದ್ರ ನೋಡುತ್ತಿರಲಿಲ್ಲ, ಹೆಣ್ಣುಮಗಳನ್ನು ದೂರದ ಕಾಲೇಜಿಗೆ ಕಳಿಸಲು ಅಪ್ಪನಿಗೆ ಧೈರ್ಯ ಬರುತ್ತಿರಲಿಲ್ಲ. ನೂರು ಹುದ್ದೆಗೆ ಲಕ್ಷ ಅರ್ಜಿ ಬಂದರೆ ಯಾರನ್ನಾದರೂ ಆರಿಸಲೇಬೇಕು, ಅದಕ್ಕೆ ಪರೀಕ್ಷೆ ಬೇಕು. ಆರಿಸುವುದು ಅದರ ಕೆಲಸ. ನಾವು ಅದನ್ನು ಯಾಕೆ ಮಾಡುತ್ತಿದ್ದೇವೆ ಎಂದು ಹೇಳುವುದು ಅದರ ಕೆಲಸವಲ್ಲ. ಅದನ್ನೂ ಸ್ಪರ್ಧೆಯೇ ಹೇಳಲಿ ಎಂದು ಕಾದರೆ, ಗೆದ್ದ ದಿನ ಖುಷಿ, ಸೋತ ದಿನ ಹಾಡೇ ನಿಲ್ಲುತ್ತದೆ. ನನಗೆ ಆಗಿದ್ದು ಅದೇ.

ದೀಪಾವಳಿ ಮುಗಿದ ಮೇಲೆ ನಾನು ಧಾರವಾಡಕ್ಕೆ ವಾಪಸಾದೆ. ವಾರಕ್ಕೊಮ್ಮೆ ಫೋನಿನಲ್ಲಿ ಆಯಿ ಒಂದೆರಡು ಪದ ಹೇಳುತ್ತಿದ್ದಳು. ಅತ್ತ ಕಡೆ ಅವ್ವ ಕಲ್ಲು ತಿರುಗಿಸಬೇಕು, ಸದ್ದು ಕೇಳಿದರೇ ಆಯಿಗೆ ನೆನಪು! ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಆಯಿ ತೀರಿಕೊಂಡಳು. ಪುಸ್ತಕದಲ್ಲಿ ನಲವತ್ಮೂರು ಹಾಡುಗಳಿವೆ. ಅದರಲ್ಲಿ ಒಂಬತ್ತು ಅರ್ಧಕ್ಕೆ ನಿಂತಿವೆ. ಎರಡು ವರ್ಷ ಮೊದಲೇ, ಸಿಟ್ಟು ಮಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದ ಆ ದಿನಗಳಲ್ಲಿ ಅವಳ ಹತ್ತಿರ ಕೂತಿದ್ದರೆ ಅವೂ ಪೂರ್ತಿಯಾಗುತ್ತಿದ್ದವು. ನಾನು ನಿಜವಾಗಿ ಸೋತದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ಈ ಒಂಬತ್ತು ಹಾಡುಗಳನ್ನು ತೋರಿಸುತ್ತೇನೆ, ಆ ಎರಡೂವರೆ ಅಂಕವನ್ನಲ್ಲ.

ಪರೀಕ್ಷೆಗೆ ಈಗಲೂ ಓದುತ್ತಿದ್ದೇನೆ. ಮುಂದಿನ ಪಟ್ಟಿಯಲ್ಲಿ ಹೆಸರು ಇರುತ್ತದೋ ಇಲ್ಲವೋ ಗೊತ್ತಿಲ್ಲ. ಓದುವ ರೀತಿ ಮಾತ್ರ ಬದಲಾಗಿದೆ. ಒಂದು ಯೋಜನೆಯ ಹೆಸರು ಬಂದರೆ ನಮ್ಮೂರಲ್ಲಿ ಅದು ಯಾರಿಗೆ ತಲುಪಿದೆ ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಒಂದು ಪುಸ್ತಕದ ಹೆಸರು ಬಂದರೆ ನಾಲ್ಕು ಪುಟವಾದರೂ ಓದುತ್ತೇನೆ. ಇದರಿಂದ ಅಂಕ ಹೆಚ್ಚುತ್ತದೆ ಎಂದು ಭರವಸೆ ಕೊಡಲಾರೆ. ಬೆಳಿಗ್ಗೆ ಆರಕ್ಕೆ ಏಳುವಾಗ ಮೊದಲಿನ ಜಿಗುಪ್ಸೆ ಇಲ್ಲ, ಅಷ್ಟು ಹೇಳಬಲ್ಲೆ.

ಈ ಸಲ ಊರಿಗೆ ಹೋದಾಗ ಆರನೇ ತರಗತಿಯ ಒಬ್ಬ ಹುಡುಗಿ ಮನೆಗೆ ಬಂದಳು. ‘ಅಕ್ಕಾ, ಪ್ರತಿಭಾ ಕಾರಂಜಿಗೆ ಒಂದು ಹಾಡ ಬೇಕು. ನಾಕು ನಿಮಿಷದ್ದು’ ಎಂದಳು. ಪಂಚಮಿಯ ಹಾಡನ್ನೇ ನಾಲ್ಕು ನಿಮಿಷಕ್ಕೆ ಹೇಳಿಕೊಟ್ಟೆ. ಆದರೆ ಮೊದಲು ಬೀಸುಕಲ್ಲಿನ ಮುಂದೆ ಕೂರಿಸಿ, ಕಾಕಿಯನ್ನೂ ಕರೆದು, ಎರಡು ಸೇರು ಜೋಳ ಮುಗಿಯುವವರೆಗೆ ಇಡೀ ಹಾಡು ಕೇಳಿಸಿದೆ. ಹುಡುಗಿ ಎರಡು ಸಲ ಅಂಗೈ ಊದಿಕೊಂಡಳು, ಎದ್ದು ಹೋಗಲಿಲ್ಲ.

ಸ್ಪರ್ಧೆಯ ಮರುದಿನ ಸಂಜೆ ಮತ್ತೆ ಬಂದು ಬಾಗಿಲಲ್ಲಿ ನಿಂತಳು. ಯಾವ ನಂಬರು ಬಂತು ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಕೇಳಿದಳು:

‘ಅಕ್ಕಾ, ಕಾಳ ಅದಾವೇನ?’